ಜಾಂಗಲ, ಆನೂಪ ಮತ್ತು ಜೀವವಲಯಗಳು

ಇಂಗ್ಲಿಷಿನ ‘ಜಂಗಲ್’ ಎಂಬ ಪದವನ್ನು ಕೇಳಿದೊಡನೆ ಮನಸ್ಸಿನಲ್ಲಿ ಮೂಡುವುದು ಬಳ್ಳಿಗಳು ಹೆಣೆದುಕೊಂಡ, ಬಿಸಿಲು ನೆಲವನ್ನು ಮುಟ್ಟದ, ಸದಾ ತೊಟ್ಟಿಕ್ಕುತ್ತಿರುವ ದಟ್ಟವಾದ ಅರಣ್ಯದ ಚಿತ್ರ. ಆ ಪದವು ಸಂಸ್ಕೃತದ ‘ಜಾಂಗಲ’ ಶಬ್ದದಿಂದ ಬಂದುದು; ಆದರೆ ಸಂಸ್ಕೃತದಲ್ಲಿ ಅದರ ಅರ್ಥ ಇದಕ್ಕೆ ಹೆಚ್ಚುಕಡಮೆ ವಿರುದ್ಧವಾದುದು. ಆಯುರ್ವೇದದ ಆಚಾರ್ಯರು ಭೂಮಿಯನ್ನು ಜಾಂಗಲ, ಆನೂಪ, ಸಾಧಾರಣ ಎಂದು ಮೂರು ಬಗೆಯಾಗಿ ವಿಂಗಡಿಸಿದರು. ಚರಕಸಂಹಿತೆಯ ಕಲ್ಪಸ್ಥಾನದಲ್ಲಿಯೂ ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿಯೂ ಈ ವಿಂಗಡಣೆ ಬಂದಿದೆ. ಜಾಂಗಲವೆಂದರೆ ನೀರು ಕಡಮೆಯಾಗಿ, ಆಕಾಶ ತೆರೆದುಕೊಂಡು, ಖದಿರ, ಬದರೀ, ಶಮೀ ಮೊದಲಾದ ಮುಳ್ಳುಮರಗಳು ವಿರಳವಾಗಿ ನಿಂತಿರುವ ಒಣಭೂಮಿ. ಆನೂಪವೆಂದರೆ ನೀರು ಹೆಚ್ಚಾಗಿ, ತಮಾಲ, ನಾರಿಕೇಲ, ಕದಲೀ ಮೊದಲಾದವುಗಳಿಂದ ಗಹನವಾದ ಪ್ರದೇಶ. ಆಯಾ ಭೂಮಿಯ ಮೃಗಪಕ್ಷಿಗಳಾವುವು, ಅವುಗಳ ಮಾಂಸದ ಗುಣವೇನು, ಅಲ್ಲಿಯ ಜನರಿಗೆ ಯಾವ ದೋಷ ಪ್ರಬಲ ಎಂಬುದನ್ನೂ ಅವರು ಜೊತೆಗೇ ಹೇಳಿದರು. ಫ್ರಾನ್ಸಿನ ವಿದ್ವಾಂಸ ಫ್ರಾನ್ಸಿಸ್ ಜಿಮ್ಮರ್‌ಮನ್ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಷಯವನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಕೃಷ್ಣಮೃಗವು ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವೆಂದು ಮನುಸ್ಮೃತಿ ಹೇಳುವಾಗಲೂ ಅದು ನಿರ್ದೇಶಿಸುತ್ತಿರುವುದು ಇಂತಹ ಬಯಲುಭೂಮಿಯನ್ನೇ. ಒಂದು ಕಾಲದಲ್ಲಿ ಶ್ರೇಷ್ಠವೆನಿಸಿದ್ದ ಆ ಭೂಮಿ ಮುಂದೆ ಸರಕಾರಿ ದಾಖಲೆಗಳಲ್ಲಿ ‘ಬಂಜರು’ ಆದದ್ದು ಹೇಗೆಂಬುದು ಸಸ್ಯಶಾಸ್ತ್ರಕ್ಕೂ ಸಂಬಂಧಿಸಿದ ಪ್ರಶ್ನೆ.

ಒಂದೇ ಬಗೆಯ ವಾಯುಗುಣದಲ್ಲಿ ಒಂದೇ ಬಗೆಯ ಮೈಕಟ್ಟಿನ ಸಸ್ಯಗಳೂ ಅವುಗಳಿಗೆ ಹೊಂದಿಕೊಂಡ ಪ್ರಾಣಿಗಳೂ ಕೂಡಿ ಬಾಳುವ ವಿಶಾಲವಾದ ಭೂಭಾಗವನ್ನು ಇಂದಿನ ವಿಜ್ಞಾನಿಗಳು ‘ಬಯೋಮ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಇದನ್ನು ಜೀವವಲಯ ಎನ್ನಬಹುದು. ಈ ವಿಚಾರಕ್ಕೆ ಆಧುನಿಕ ಕಾಲದಲ್ಲಿ ಅಡಿಪಾಯ ಹಾಕಿದವನು ಜರ್ಮನಿಯ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್. 1802ರಲ್ಲಿ ದಕ್ಷಿಣ ಅಮೆರಿಕದ ಚಿಂಬೊರಾಜೊ ಪರ್ವತವನ್ನು ಏರುತ್ತ, ಎತ್ತರ ಹೆಚ್ಚಿದಂತೆ ಸಸ್ಯಗಳು ಪಟ್ಟೆಪಟ್ಟೆಯಾಗಿ ಬದಲಾಗುವುದನ್ನು ಆತ ಗುರುತಿಸಿದ. ಅನಂತರ ಬಂದ ವ್ಲಾದಿಮಿರ್ ಕೋಪೆನ್ ಸಸ್ಯಗಳನ್ನೇ ಸಾಕ್ಷಿಯಾಗಿ ಹಿಡಿದು ಪ್ರಪಂಚದ ವಾಯುಗುಣಗಳನ್ನು ವರ್ಗೀಕರಿಸಿದ. ಅತ್ಯಂತ ಬೆಚ್ಚಗಿನ ತಿಂಗಳಿನ ಸರಾಸರಿ ಉಷ್ಣಮಾನ 10 ಡಿಗ್ರಿ ಸೆಂಟಿಗ್ರೇಡನ್ನು ಮುಟ್ಟದ ಕಡೆ ಮರ ಬೆಳೆಯದೆಂಬುದು ಆತ ಬಳಸಿದ ಗಡಿಗಳಲ್ಲೊಂದು. ಆ ಗಡಿಯ ಆಚೆಗಿರುವುದು ಪಾಚಿ, ಕಲ್ಲುಹೂ, ಗಿಡ್ಡಪೊದೆಗಳ ಟಂಡ್ರ. 1975ರಲ್ಲಿ ಅಮೆರಿಕದ ರಾಬರ್ಟ್ ವಿಟೇಕರ್ ವರ್ಷದ ಸರಾಸರಿ ಉಷ್ಣಮಾನ, ವರ್ಷದ ಒಟ್ಟು ಮಳೆ ಎಂಬ ಎರಡೇ ಅಳತೆಗಳ ಮೇಲೆ ಟಂಡ್ರದಿಂದ ಮಳೆಕಾಡಿನವರೆಗಿನ ಎಲ್ಲ ವಲಯಗಳನ್ನೂ ಒಂದು ನಕ್ಷೆಯಲ್ಲಿ ಕೂರಿಸಿ ತೋರಿಸಿದ. ಆ ನಕ್ಷೆಯ ನಡುಭಾಗದಲ್ಲಿ ಆತ ಚುಕ್ಕೆಗೆರೆಯಿಂದ ಒಂದು ಪ್ರದೇಶವನ್ನು ಸುತ್ತುವರಿದಿದ್ದಾನೆ. ಅಲ್ಲಿ ಕಾಡು ಬರುವುದೋ ಹುಲ್ಲು ಬರುವುದೋ ಎಂಬುದನ್ನು ಮಳೆ ಉಷ್ಣಮಾನಗಳೆರಡರಿಂದಲೇ ಹೇಳಲಾಗದು. ಪಠ್ಯಪುಸ್ತಕಗಳು ಅಷ್ಟಾಗಿ ಗಮನಿಸದ ಈ ಚುಕ್ಕೆಗೆರೆ ಭಾರತಕ್ಕೆ ಬಹಳ ಸಂಬಂಧಪಟ್ಟದ್ದು.

ಜೀವವಲಯಗಳ ಬದಲಾವಣೆಯನ್ನು ಕಾಣಲು ಧ್ರುವದಿಂದ ವಿಷುವದ್ರೇಖೆಗೆ ಪ್ರಯಾಣ ಮಾಡಬೇಕಾಗಿಲ್ಲ. ಆಗುಂಬೆಯಿಂದ ಹೊರಟು ತೀರ್ಥಹಳ್ಳಿ, ಶಿವಮೊಗ್ಗಗಳ ಮೂಲಕ ಚಿತ್ರದುರ್ಗವನ್ನು ಸೇರುವ ಸುಮಾರು 200 ಕಿಲೋಮೀಟರುಗಳ ದಾರಿಯಲ್ಲಿಯೇ ಅದು ಕಾಣಸಿಗುತ್ತದೆ. ಈ ದಾರಿಯುದ್ದಕ್ಕೂ ಅಕ್ಷಾಂಶ ಬಹುಮಟ್ಟಿಗೆ ಒಂದೇ, ಸೂರ್ಯನ ಪ್ರಖರತೆ ಒಂದೇ, ಉಷ್ಣಮಾನದ ವ್ಯತ್ಯಾಸವೂ ಅಲ್ಪ. ಬದಲಾಗುವುದು ಮುಖ್ಯವಾಗಿ ನೀರು. ಅರಬ್ಬೀ ಸಮುದ್ರದ ಮೇಲಿಂದ ತೇವವನ್ನು ಹೊತ್ತು ಬರುವ ನೈಋತ್ಯ ಮಾರುತವು ಕರಾವಳಿಯ ಕಿರಿದಾದ ಪಟ್ಟಿಯನ್ನು ದಾಟಿದೊಡನೆ ಗೋಡೆಯಂತೆ ನಿಂತ ಘಟ್ಟವನ್ನು ಎದುರಿಸಿ ಮೇಲೇರಲೇಬೇಕಾಗುತ್ತದೆ. ಮೇಲೇರಿದ ಗಾಳಿ ಹಿಗ್ಗಿ ತಣಿಯುತ್ತದೆ; ತಣಿದ ಗಾಳಿ ತನ್ನ ತೇವವನ್ನು ಹಿಡಿದಿಟ್ಟುಕೊಳ್ಳಲಾರದೆ ಸುರಿಸುತ್ತದೆ. ಘಟ್ಟವನ್ನು ದಾಟಿ ಪೂರ್ವಕ್ಕೆ ಇಳಿಯುವಾಗ ಅದೇ ಗಾಳಿ ಬಿಸಿಯಾಗಿ, ಉಳಿದ ತೇವವನ್ನು ಬಿಟ್ಟುಕೊಡದೆ ಮುಂದೆ ಸಾಗುತ್ತದೆ. ಆದ್ದರಿಂದಲೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬಿದ್ದರೆ, ಶಿವಮೊಗ್ಗದಲ್ಲಿ ಬೀಳುವುದು 1,000 ಮಿಲಿಮೀಟರಿನ ಆಸುಪಾಸು. ಚಿತ್ರದುರ್ಗ, ಚಳ್ಳಕೆರೆಗಳ ಕಡೆ 500-600ರಷ್ಟು, ಅದೂ ಹೆಚ್ಚಾಗಿ ಭಾದ್ರಪದ, ಆಶ್ವಯುಜಗಳ ಸುಮಾರಿಗೆ. ಮುಂಬಯಿಯಿಂದ ಪುಣೆಗೆ ಹೋಗುವ ರೈಲಿನಲ್ಲಿ ಖಂಡಾಲದ ಹಸುರು ಕಳೆದು ಕೆಲವೇ ಗಂಟೆಗಳಲ್ಲಿ ಕುರುಚಲು ಗುಡ್ಡಗಳನ್ನು ಕಂಡವರು ಕಂಡದ್ದು ಇದೇ ನಿಯಮದ ಇನ್ನೊಂದು ಉದಾಹರಣೆ. ಕನ್ನಡ ಭಾಷೆ ಈ ಸಂಗತಿಯನ್ನು ಎಂದೋ ಗುರುತಿಸಿ, ಕರಾವಳಿ, ಮಲೆನಾಡು, ಅರೆಮಲೆನಾಡು, ಬಯಲುಸೀಮೆ ಎಂದು ಹೆಸರಿಟ್ಟಿದೆ. ಅರೆಮಲೆನಾಡು ಎಂಬ ಪದವಂತೂ ಆಯುರ್ವೇದದ ‘ಸಾಧಾರಣ’ಕ್ಕಿಂತ ಹೆಚ್ಚು ನಿಷ್ಕೃಷ್ಟವಾದುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕಾಗಿದೆ. ಮಳೆ ಹೆಚ್ಚಾದಷ್ಟೂ ಕಾಡು ದೊಡ್ಡದು ಎಂಬ ಸಾಮಾನ್ಯ ನಂಬಿಕೆ ಪೂರ್ತಿ ನಿಜವಲ್ಲ. ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,500 ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಆದರೆ ಅಲ್ಲಿಯ ಕಾಡು ಅಂಜನಿ, ನೇರಳೆ ಮೊದಲಾದ ಕುಳ್ಳುಮರಗಳ ಕಾಡು. ಕೇರಳದ ದಕ್ಷಿಣ ಭಾಗದಲ್ಲಿ ಇದರ ಅರ್ಧದಷ್ಟು ಮಳೆ ಬೀಳುವ ಬೆಟ್ಟಗಳಲ್ಲಿಯೂ ಮುಗಿಲು ಮುಟ್ಟುವ ಮರಗಳಿವೆ. ಕಾರಣವನ್ನು ಹುಡುಕಬೇಕಾದದ್ದು ಮಳೆಗಾಲದಲ್ಲಲ್ಲ, ಬೇಸಗೆಯಲ್ಲಿ. ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಆನ್ರಿ ಗೋಸೆನ್ ಒಂದು ಸರಳವಾದ ಸೂತ್ರವನ್ನು ಕೊಟ್ಟರು: ಒಂದು ತಿಂಗಳಲ್ಲಿ ಬಿದ್ದ ಮಳೆಯ ಮಿಲಿಮೀಟರುಗಳ ಸಂಖ್ಯೆ ಆ ತಿಂಗಳ ಸರಾಸರಿ ಉಷ್ಣಮಾನದ ಸೆಂಟಿಗ್ರೇಡ್ ಡಿಗ್ರಿಗಳ ಎರಡರಷ್ಟಕ್ಕಿಂತ ಕಡಮೆಯಾದರೆ ಅದು ಒಣತಿಂಗಳು. ಎಂದರೆ ಸರಾಸರಿ 25 ಡಿಗ್ರಿ ಇರುವ ತಿಂಗಳಿನಲ್ಲಿ 50 ಮಿಲಿಮೀಟರಿಗಿಂತ ಕಡಮೆ ಮಳೆಯಾದರೆ ಸಸ್ಯವು ಬಾಯಾರಿದೆಯೆಂದು ಅರ್ಥ. 1955ರಲ್ಲಿ ಪುದುಚೇರಿಯಲ್ಲಿ ಸ್ಥಾಪಿತವಾದ ಫ್ರೆಂಚ್ ಸಂಸ್ಥೆಯು ಗೋಸೆನ್ ಅವರ ಮಾರ್ಗದರ್ಶನದಲ್ಲಿ ದಕ್ಷಿಣ ಭಾರತದ ಸಸ್ಯವರ್ಗದ ನಕ್ಷೆಗಳನ್ನು 1961ರಿಂದ ಹೊರತರಲಾರಂಭಿಸಿತು. ಆ ಸಂಸ್ಥೆಯ ಜೆ. ಪಿ. ಪಾಸ್ಕಲ್ 1980ರ ದಶಕದಲ್ಲಿ ಸಹ್ಯಾದ್ರಿಯ ನಿತ್ಯಹರಿದ್ವರ್ಣದ ಕಾಡುಗಳನ್ನು ಕುರಿತು ಮಾಡಿದ ಅಧ್ಯಯನದಿಂದ ಈ ವಿಷಯ ಸ್ಪಷ್ಟವಾಯಿತು. ದಕ್ಷಿಣ ಕೇರಳದಲ್ಲಿ ಒಣತಿಂಗಳುಗಳು ಎರಡೋ ಮೂರೋ, ಆಗುಂಬೆಯಲ್ಲಿ ನಾಲ್ಕೈದು, ಮಹಾಬಳೇಶ್ವರದ ವೇಳೆಗೆ ಅರ್ಧ ವರ್ಷದ ಸಮೀಪಕ್ಕೆ ಬರುತ್ತದೆ. ಮಾನ್ಸೂನ್ ದಕ್ಷಿಣಕ್ಕೆ ಮೊದಲು ಬಂದು ಕಡೆಗೆ ಹೋಗುತ್ತದೆ, ಉತ್ತರಕ್ಕೆ ತಡವಾಗಿ ಬಂದು ಬೇಗ ಹಿಂತಿರುಗುತ್ತದೆ. ಎಷ್ಟು ಸುರಿದರೂ ಆಷಾಢದ ಮಳೆ ಚೈತ್ರದಲ್ಲಿ ಮರದ ಬೇರಿಗೆ ದೊರೆಯುವುದಿಲ್ಲ. ಅದು ಹೊಳೆ ಹಿಡಿದು ಹೋಗಿರುತ್ತದೆ. ಆದುದರಿಂದಲೇ ದಕ್ಷಿಣದ ಮಳೆಕಾಡುಗಳ ಹೆಮ್ಮರವಾದ ಧೂಮದ ಮರವು ಉತ್ತರ ಕನ್ನಡದ ಕತ್ತಲೆಕಾನಿನಂಥ ಒಂದೆರಡು ಕಾಡುಗಳವರೆಗೆ ಬಂದು ನಿಂತುಬಿಡುತ್ತದೆ. ಮಹಾಬಳೇಶ್ವರದ ಮರಗಳನ್ನು ಕುಳ್ಳಾಗಿಸುವುದರಲ್ಲಿ ಬಯಲು ಶಿಖರದ ಗಾಳಿಗೂ ತೆಳುಮಣ್ಣಿಗೂ ಪಾಲಿದೆಯೆನ್ನುವುದನ್ನು ಮರೆಯಬಾರದು. ಆದರೂ ಬರಗಾಲದ ಉದ್ದವೇ ಇಲ್ಲಿ ಪ್ರಧಾನವಾದ ಅಂಶ.

ಒಣತಿಂಗಳುಗಳನ್ನು ಎದುರಿಸಲು ಮರಕ್ಕಿರುವ ಉಪಾಯಗಳು ಕೆಲವೇ. ಎಲೆಯಿದ್ದರೆ ಆಹಾರ ತಯಾರಾಗುತ್ತದೆ, ಆದರೆ ಎಲೆಯ ಸೂಕ್ಷ್ಮರಂಧ್ರಗಳ ಮೂಲಕ ನೀರೂ ಆವಿಯಾಗಿ ಹೋಗುತ್ತದೆ. ಎಲೆಯುದುರಿಸಿದರೆ ನೀರು ಉಳಿಯುತ್ತದೆ, ಆದರೆ ಪ್ರತಿವರ್ಷವೂ ಹೊಸ ಎಲೆಗಳನ್ನು ಮೊದಲಿನಿಂದ ಕಟ್ಟಬೇಕು. ಬೇಸಗೆ ಚಿಕ್ಕದಾದ ಆಗುಂಬೆಯಲ್ಲಿ ಎಲೆಯನ್ನು ಉಳಿಸಿಕೊಳ್ಳುವುದೇ ಲಾಭ. ಅಲ್ಲಿಯ ಮರಗಳ ಎಲೆಗಳು ದಪ್ಪನಾಗಿ, ನುಣುಪಾಗಿ, ತುದಿ ಚೂಪಾಗಿದ್ದು ಮಳೆಯ ನೀರು ಜಾರಿಹೋಗುವಂತೆ ಅನುಕೂಲಿಸಿವೆ. ಧೂಮ, ಬಲಗಿ, ಹೆಬ್ಬಲಸು ಮೊದಲಾದ ಮರಗಳು 30-40 ಮೀಟರು ಎತ್ತರದಲ್ಲಿ ಚಪ್ಪರ ಹಾಕುತ್ತವೆ. ನೆಲವನ್ನು ಮುಟ್ಟುವ ಬೆಳಕು ಅತ್ಯಲ್ಪವಾದ್ದರಿಂದ ಅಲ್ಲಿ ಹುಲ್ಲು ಬೆಳೆಯುವುದಿಲ್ಲ. ಮಲೆನಾಡಿಗರು ಇಂತಹ ಕಾಡನ್ನು ‘ಕಾನು’ ಎಂಬ ಪ್ರತ್ಯೇಕ ಹೆಸರಿನಿಂದ ಕರೆಯುವುದು ಗಮನಾರ್ಹ.

ಅಪಾರವಾದ ಹಸುರಿದ್ದರೂ ಕಾನಿನ ನೆಲದ ಮೇಲೆ ದೊಡ್ಡ ಮೃಗಗಳು ವಿರಳ. ಇದು ಮೊದಲಸಲ ಹೋದವರಿಗೆ ನಿರಾಶೆಯನ್ನುಂಟುಮಾಡುವ ಸಂಗತಿ. ಆದರೆ ಅಲ್ಲಿಯ ಊಟವೆಲ್ಲ ಮಾಳಿಗೆಯ ಮೇಲೆ ಬಡಿಸಿದೆ. ಹಣ್ಣು, ಚಿಗುರು, ಹೂವುಗಳಿರುವುದು ನೆತ್ತಿಯಲ್ಲಿ. ಅಂತೆಯೇ ಸಿಂಗಳೀಕ, ಕೆಂದಳಿಲು, ಮಂಗಟ್ಟೆಹಕ್ಕಿಗಳ ವಾಸವೂ ಅಲ್ಲಿಯೇ. ಪಕ್ಕೆಯ ಚರ್ಮವನ್ನು ಕೊಡೆಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಹಾರುವ ಓತಿಯು ಈ ಮಾಳಿಗೆಯ ಬದುಕಿಗೆ ಹೇಳಿಮಾಡಿಸಿದ ಪ್ರಾಣಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಿಂದಾಗಿ 1980ರ ಅನಂತರ ಕನ್ನಡದ ಓದುಗರಿಗೆ ಅದು ಕಾಡನ್ನು ಕಾಣದೆಯೂ ಪರಿಚಿತವಾಯಿತು. ಕಪ್ಪೆಗಳ ವಿಷಯ ಇನ್ನೂ ಸ್ವಾರಸ್ಯವಾದುದು. ಗಾಳಿಯೇ ತೇವದಿಂದ ತುಂಬಿರುವುದರಿಂದ ಇಲ್ಲಿಯ ಪೊದೆಗಪ್ಪೆಗಳು ಮೊಟ್ಟೆಯಿಡಲು ಕೆರೆಕುಂಟೆಗಳನ್ನು ಹುಡುಕಿಕೊಂಡು ಹೋಗುವುದಿಲ್ಲ. ಎಲೆಗಳ ಮೇಲೋ ತರಗೆಲೆಗಳ ನಡುವೆಯೋ ಇಟ್ಟ ಮೊಟ್ಟೆಯೊಳಗೇ ಗೊದಮೊಟ್ಟೆಯ ಅವಸ್ಥೆ ಕಳೆದು, ಹೊರಬರುವಾಗ ಮರಿ ಪುಟ್ಟ ಕಪ್ಪೆಯಾಗಿಯೇ ಇರುತ್ತದೆ.

ಪೂರ್ವಕ್ಕೆ ಸರಿದು ಶಿವಮೊಗ್ಗ, ಭದ್ರಾವತಿಗಳ ಸುತ್ತಿನ ಕಾಡುಗಳಿಗೆ ಬಂದರೆ ಮತ್ತಿ, ಹೊನ್ನೆ, ನಂದಿ, ಬೀಟೆ, ತೇಗಗಳ ರಾಜ್ಯ. ಇವು ಎಲೆಯುದುರಿಸುವ ಮರಗಳು. ಮಾಘ, ಫಾಲ್ಗುಣಗಳಲ್ಲಿ ಚಪ್ಪರ ಬರಿದಾದಾಗ ಬಿಸಿಲು ನೆಲದವರೆಗೂ ಇಳಿಯುತ್ತದೆ. ಬಿಸಿಲಿಳಿದಲ್ಲಿ ಹುಲ್ಲು ಹುಟ್ಟುತ್ತದೆ. ಹುಲ್ಲು ಒಣಗಿದಲ್ಲಿ ಬೆಂಕಿ ಸಂಚರಿಸುತ್ತದೆ. ಮತ್ತಿಯ ಮೊಸಳೆಚರ್ಮದಂತಹ ದಪ್ಪ ತೊಗಟೆ ಬೆಂಕಿಗೆ ಕವಚ. ತೇಗದ ಎಳೆಯ ಸಸಿಗಳು ಬೆಂದುಹೋದರೂ ಬೇರಿನಿಂದ ಮತ್ತೆ ಮತ್ತೆ ಚಿಗುರಿ, ಬೇರು ಬಲಿತ ಒಂದು ವರ್ಷ ಬೆಂಕಿಯ ಎತ್ತರವನ್ನು ಮೀರಿ ಬೆಳೆದುಬಿಡುತ್ತವೆ. ಇಲ್ಲಿ ಮಳೆ ಕಾನಿಗಿಂತ ಬಹಳ ಕಡಮೆ, ಒಟ್ಟು ಹಸುರೂ ಕಡಮೆ. ಆದರೆ ಆಹಾರ ಮೂತಿಗೆ ಎಟುಕುವ ಎತ್ತರದಲ್ಲಿದೆ. ಆದ್ದರಿಂದಲೇ ಜಿಂಕೆ, ಕಡವೆ, ಕಾಟಿ, ಆನೆಗಳ ಹಿಂಡುಗಳು, ಅವುಗಳ ಬೆನ್ನುಹತ್ತಿದ ಹುಲಿ ಚಿರತೆಗಳು ಕಾನಿಗಿಂತ ಹೆಚ್ಚಾಗಿ ಕಾಣುವುದು ಈ ಬಗೆಯ ಕಾಡಿನಲ್ಲಿ. ದಕ್ಷಿಣದ ನಾಗರಹೊಳೆ, ಬಂಡೀಪುರಗಳ ಖ್ಯಾತಿಗೂ ಇದೇ ಮೂಲ.

ಚಿತ್ರದುರ್ಗದ ಆಚೆಗೆ ಭೂಮಿ ಬೇರೆಯೇ ಆಗುತ್ತದೆ. ಜಾಲಿ, ಕಗ್ಗಲಿ, ಬಾರೆ, ತಂಗಡಿ, ಕಳ್ಳಿ. ಅವುಗಳ ನಡುವೆ ಹುಲ್ಲು. ಎಲೆ ಚಿಕ್ಕದಾಗಿದೆ, ಅಥವಾ ಕಳ್ಳಿಯಲ್ಲಿರುವಂತೆ ಹಸುರು ಕಾಂಡವೇ ಎಲೆಯ ಕೆಲಸವನ್ನು ವಹಿಸಿಕೊಂಡಿದೆ. ಕಷ್ಟಪಟ್ಟು ಬೆಳೆಸಿಕೊಂಡ ಎಲೆಯನ್ನು ಮೇಯುವ ಬಾಯಿಗೆ ಬಿಟ್ಟುಕೊಡಲು ಶಕ್ತಿಯಿಲ್ಲದ ಗಿಡಕ್ಕೆ ಮುಳ್ಳು ಬೇಕೇಬೇಕು. ಹುಲ್ಲಿನ ಉಪಾಯವಾದರೋ ಇವೆಲ್ಲಕ್ಕಿಂತ ಭಿನ್ನ. ಅದರ ಬೆಳೆಯುವ ಕಣ್ಣು ನೆಲಮಟ್ಟದಲ್ಲಿ ಅಥವಾ ನೆಲದೊಳಗೆ ಅಡಗಿರುತ್ತದೆ. ಮೇಲಿನದನ್ನು ದನ ತಿಂದರೂ ಬೆಂಕಿ ಸುಟ್ಟರೂ ಬಿಸಿಲು ಒಣಗಿಸಿದರೂ ಒಂದು ಮಳೆಗೆ ಬಯಲೆಲ್ಲ ಮತ್ತೆ ಹಸುರಾಗುತ್ತದೆ. ಸಂಪತ್ತು ಮಣ್ಣಿನ ಕೆಳಗಿರುವುದರಿಂದ ಮೇಲಿನಿಂದ ನೋಡುವವರಿಗೆ ಈ ಭೂಮಿ ಬಡದಾಗಿ ತೋರುತ್ತದೆ.

ಮರೆಯಿಲ್ಲದ ಈ ಬಯಲಿನಲ್ಲಿ ಪ್ರಾಣವುಳಿಸಿಕೊಳ್ಳಲು ಇರುವ ಸಾಧನಗಳು ದೂರದೃಷ್ಟಿ, ವೇಗ, ಇಲ್ಲವೆ ಮಣ್ಣಿನ ಬಣ್ಣ. ಕೃಷ್ಣಮೃಗವು ಗಂಟೆಗೆ 80 ಕಿಲೋಮೀಟರಿನಷ್ಟು ವೇಗದಲ್ಲಿ ಓಡಬಲ್ಲದು. ಅದನ್ನು ಬೇಟೆಯಾಡುವ ತೋಳವು ಅಷ್ಟು ವೇಗವಿಲ್ಲದ್ದರಿಂದ ದಣಿಯದ ಓಟವನ್ನೂ ಗುಂಪಿನ ಉಪಾಯವನ್ನೂ ನೆಚ್ಚಿದೆ. ದೊರವಾಯನ ಹಕ್ಕಿ ಎಂದು ಹೆಸರಾದ ಹೆಬ್ಬಕ ಪಕ್ಷಿಯು ಹಾರುವ ಹಕ್ಕಿಗಳಲ್ಲೆಲ್ಲ ಅತಿ ಭಾರವಾದವುಗಳಲ್ಲೊಂದು. ಅದು ಗೂಡು ಕಟ್ಟದೆ ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಡುತ್ತದೆ. ಸುತ್ತಲೂ ಬಹುದೂರ ಕಾಣುವಂತಿದ್ದರೆ ಮಾತ್ರ ಅದಕ್ಕೆ ಧೈರ್ಯ. ಕಪ್ಪೆಗಳಂತೂ ಮಲೆನಾಡಿನ ತಮ್ಮ ಬಂಧುಗಳಿಗೆ ತೀರ ವ್ಯತಿರಿಕ್ತವಾಗಿ, ಒಣತಿಂಗಳುಗಳನ್ನು ಮಣ್ಣಿನೊಳಗೆ ಹೂತುಕೊಂಡು ಕಳೆಯುತ್ತವೆ. ಮೊದಲ ಮಳೆಗೆ ಎದ್ದುಬಂದು, ನಿಂತ ನೀರು ಇಂಗುವುದರೊಳಗಾಗಿ ಸಂತಾನದ ಕೆಲಸವನ್ನು ಮುಗಿಸಿಬಿಡುತ್ತವೆ. ತೇವ ತುಂಬಿದ ಗಾಳಿಯಲ್ಲಿ ಗೊದಮೊಟ್ಟೆಯನ್ನೇ ಬಿಟ್ಟುಬಿಟ್ಟ ಕಪ್ಪೆ ಅಲ್ಲಿ, ಗೊದಮೊಟ್ಟೆಯನ್ನು ಅವಸರಪಡಿಸುವ ಕಪ್ಪೆ ಇಲ್ಲಿ. ವಾಯುಗುಣವು ಜೀವಿಯನ್ನು ತಿದ್ದುವ ಬಗೆಗೆ ಇದಕ್ಕಿಂತ ಸುಲಭವಾದ ನಿದರ್ಶನ ದೊರೆಯುವುದು ಕಷ್ಟ.

ಇಷ್ಟಾದರೂ ಒಂದು ಆಕ್ಷೇಪವು ಬಹುಕಾಲದಿಂದ ಪ್ರಚಾರದಲ್ಲಿದೆ. ದಖನ್ನಿನ ಬಯಲುಗಳೆಲ್ಲ ಹಿಂದೆ ಕಾಡಾಗಿದ್ದುವು, ಕೊಡಲಿ, ಬೆಂಕಿ, ದನಕರುಗಳ ಕಾಟದಿಂದ ಹುಲ್ಲುಗಾವಲಾದುವು, ಆದ್ದರಿಂದ ಅವು ಕೆಟ್ಟ ಕಾಡುಗಳೇ ಹೊರತು ಸ್ವತಂತ್ರವಾದ ಜೀವವಲಯವಲ್ಲ ಎಂಬುದೇ ಆ ಆಕ್ಷೇಪ. ಕೆಲವು ಕಡೆ ಹೀಗಾಗಿರುವುದು ಸಂಭವವೇ. ಆದರೆ ಇದನ್ನು ಎಲ್ಲ ಬಯಲುಗಳಿಗೂ ಅನ್ವಯಿಸಲು ಸಾಧ್ಯವಿಲ್ಲವೆಂಬುದಕ್ಕೆ ಬಲವಾದ ಸಾಕ್ಷ್ಯಗಳಿವೆ. ಕೃಷ್ಣಮೃಗದ ಮೈಕಟ್ಟೇ ಒಂದು ಸಾಕ್ಷ್ಯ. ಭಾರತದ ಉಪಖಂಡಕ್ಕೆ ವಿಶಿಷ್ಟವಾದ ಈ ಪ್ರಾಣಿಯ ಓಟ, ದೃಷ್ಟಿ, ಹಿಂಡುಗೂಡುವ ಸ್ವಭಾವ ಇವೆಲ್ಲ ಕೆಲವು ಸಾವಿರ ವರ್ಷಗಳ ಕಾಡುಕಡಿತದಿಂದ ರೂಪುಗೊಳ್ಳುವಂಥವಲ್ಲ. ಇನ್ನೊಂದು ಸಾಕ್ಷ್ಯ ನೀಲಗಿರಿಯಿಂದ ಬಂದುದು. ಅಲ್ಲಿಯ ಎತ್ತರದಲ್ಲಿ ಕಣಿವೆಗಳಲ್ಲಿ ಶೋಲಾ ಕಾಡುಗಳೂ ದಿಬ್ಬಗಳ ಮೇಲೆ ಹುಲ್ಲೂ ಪಕ್ಕಪಕ್ಕದಲ್ಲಿಯೇ ಇವೆ. ಚಳಿಗಾಲದ ರಾತ್ರಿಗಳಲ್ಲಿ ಬೀಳುವ ಇಬ್ಬನಿಗಡ್ಡೆಯು ಬಯಲಿನಲ್ಲಿ ಹುಟ್ಟುವ ಮರದ ಸಸಿಗಳನ್ನು ಕೊಲ್ಲುತ್ತದೆ. ಹುಲ್ಲಿಗೆ ಅದರಿಂದ ಅಷ್ಟು ಬಾಧೆಯಿಲ್ಲ. ಅಲ್ಲಿಯ ಜೌಗುಗಳಲ್ಲಿ ಪದರಪದರವಾಗಿ ಕೂಡಿದ ಸಸ್ಯಾವಶೇಷಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಅವರ ಸಹೋದ್ಯೋಗಿಗಳು ಪರೀಕ್ಷಿಸಿ 1993ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಉಷ್ಣವಲಯದ ಹುಲ್ಲುಗಳಲ್ಲಿ ಇಂಗಾಲದ ಭಾರವಾದ ಪರಮಾಣುಗಳ ಪ್ರಮಾಣ ಮರಗಳಲ್ಲಿರುವುದಕ್ಕಿಂತ ಹೆಚ್ಚಾಗಿರುತ್ತದೆ. ಆ ಅಳತೆಯಿಂದ ಯಾವ ಪದರದ ಕಾಲದಲ್ಲಿ ಯಾವುದು ಪ್ರಬಲವಾಗಿತ್ತೆಂದು ತಿಳಿಯಬಹುದು. ಸುಮಾರು 20,000 ವರ್ಷಗಳ ಹಿಂದಿನಿಂದಲೂ ಹುಲ್ಲು ಅಲ್ಲಿದ್ದಿತೆಂದೂ ವಾಯುಗುಣ ಬದಲಾದಂತೆ ಹುಲ್ಲು ಕಾಡುಗಳ ಪಾಲು ಹೆಚ್ಚುಕಡಮೆಯಾಗುತ್ತ ಬಂದಿತೆಂದೂ ಇದರಿಂದ ಗೊತ್ತಾಯಿತು. ಅಷ್ಟು ಹಿಂದೆ ಆ ಬೆಟ್ಟಗಳಲ್ಲಿ ಕಾಡನ್ನು ಕಡಿದು ಬೇಸಾಯ ಮಾಡುವವರು ಇರಲಿಲ್ಲ.

2016ರಲ್ಲಿ ಬೆಂಗಳೂರಿನ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮತ್ತು ಇತರರು ಏಷ್ಯಾದ ಸವನ್ನಾಗಳನ್ನು ಕುರಿತ ಪ್ರಬಂಧದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾರತದಲ್ಲಿ ‘ಒಣ ಕಾಡು’ ಎಂದು ಕರೆಯಲ್ಪಡುತ್ತಿರುವ ಪ್ರದೇಶಗಳಲ್ಲಿ ಅನೇಕವು ನಿಜವಾಗಿ ಹುಲ್ಲು ಮರಗಳು ಕೂಡಿ ಬಾಳುವ ಪ್ರಾಚೀನ ಸವನ್ನಾಗಳೇ ಎಂದು ವಾದಿಸಿದರು. ವಿಟೇಕರನ ಚುಕ್ಕೆಗೆರೆ ಹೇಳುತ್ತಿದ್ದುದೂ ಇದನ್ನೇ. ನಡುತರದ ಮಳೆಯುಳ್ಳ ಕಡೆ ವಾಯುಗುಣವು ಎರಡು ಬಗೆಯ ಭೂಮಿಗೂ ಅವಕಾಶ ಕೊಡುತ್ತದೆ. ಬೆಂಕಿಯೂ ಮೇಯುವ ಪ್ರಾಣಿಗಳೂ ಮಣ್ಣೂ ಸೇರಿ ಅವುಗಳಲ್ಲೊಂದನ್ನು ಆರಿಸುತ್ತವೆ. ಈಗ ಗಮನಿಸಬೇಕಾದ ಸಂಗತಿಯೆಂದರೆ, ಆ ಆಯ್ಕೆಯಲ್ಲಿ ಮನುಷ್ಯನ ಕಾಗದಪತ್ರಗಳೂ ಕೈಹಾಕಿವೆ.

ಕಂದಾಯದ ಆಡಳಿತವು ಬೆಳೆ ಕೊಡದ, ಮರವೂ ಇಲ್ಲದ ಭೂಮಿಯನ್ನು ‘ವೇಸ್ಟ್‌ಲ್ಯಾಂಡ್’ ಎಂದು ಬರೆದುಕೊಂಡಿತು. ಸ್ವಾತಂತ್ರ್ಯಾನಂತರವೂ ಆ ಪದ ಉಳಿಯಿತು. 1985ರಲ್ಲಿ ಭಾರತ ಸರಕಾರವು ಬಂಜರುಭೂಮಿಯನ್ನು ‘ಅಭಿವೃದ್ಧಿ’ಪಡಿಸಲೆಂದೇ ಒಂದು ಮಂಡಲಿಯನ್ನು ಸ್ಥಾಪಿಸಿತು. ಕನ್ನಡದ ರೂಢಿ ಬೇರೆಯಾಗಿತ್ತು. ಬಯಲುಸೀಮೆಯ ಹುಲ್ಲುಭೂಮಿಗೆ ಇಲ್ಲಿಯ ಹೆಸರು ‘ಕಾವಲು’, ಎಂದರೆ ಕಾಯ್ದುಕೊಳ್ಳಬೇಕಾದದ್ದು. ಮೈಸೂರಿನ ಒಡೆಯರ ಕಾಲದಲ್ಲಿ ಮೊದಲಾಗಿ, ಟೀಪೂ ಸುಲ್ತಾನನಿಂದ ಅಮೃತಮಹಲ್ ಎಂಬ ಹೆಸರನ್ನು ಪಡೆದ ರಾಸುಗಳ ಇಲಾಖೆಗಾಗಿ ಲಕ್ಷಾಂತರ ಎಕರೆ ಕಾವಲುಗಳು ಮೀಸಲಾಗಿದ್ದುವು. ಯಾವ ಹುಲ್ಲು ಯಾವ ತಿಂಗಳಿಗೆ ಒದಗುತ್ತದೆಂಬುದನ್ನು ನೋಡಿ ಹಿಂಡುಗಳನ್ನು ಕಾವಲಿನಿಂದ ಕಾವಲಿಗೆ ಅಟ್ಟುವ ವ್ಯವಸ್ಥೆ ಅಲ್ಲಿದ್ದಿತು. ಒಣತಿಂಗಳುಗಳ ಲೆಕ್ಕಾಚಾರವನ್ನು ಗೋಸೆನ್‌ಗಿಂತ ಮೊದಲೇ ದನಗಾಹಿಗಳು ಬಲ್ಲವರಾಗಿದ್ದರೆನ್ನಲು ಅಡ್ಡಿಯಿಲ್ಲ. ಆ ಕಾವಲುಗಳು ಕಾಲಕ್ರಮದಲ್ಲಿ ಬಹುಪಾಲು ಕರಗಿಹೋದುವು. ಚಳ್ಳಕೆರೆ ತಾಲ್ಲೂಕಿನಲ್ಲಿ ಸುಮಾರು 10,000 ಎಕರೆಯಷ್ಟು ಭೂಮಿ 2009ರ ಸುಮಾರಿನಿಂದ ವಿವಿಧ ಸಂಸ್ಥೆಗಳ ಪಾಲಾಯಿತು.

ರಾಣೆಬೆನ್ನೂರಿನ ಕಥೆ ಇನ್ನಷ್ಟು ಸಂಕೀರ್ಣವಾದುದು, ಏಕೆಂದರೆ ಅಲ್ಲಿ ಮಾಡಿದ್ದು ಕೇಡನ್ನು ಬಯಸಿ ಅಲ್ಲ, ಹಸುರನ್ನು ಬಯಸಿ. 1950ರ ದಶಕದಿಂದ ಮುಂದಕ್ಕೆ ಅಲ್ಲಿಯ ಕುರುಚಲು ಬಯಲಿನಲ್ಲಿ ನೀಲಗಿರಿ ಮರಗಳನ್ನು ವಿಸ್ತಾರವಾಗಿ ನೆಡಲಾಯಿತು. 1974ರಲ್ಲಿ ಸುಮಾರು 119 ಚದರ ಕಿಲೋಮೀಟರಿನ ಪ್ರದೇಶವು ಕೃಷ್ಣಮೃಗಗಳ ಅಭಯಧಾಮವೆಂದು ಘೋಷಿತವಾದಾಗ ಅಲ್ಲಿ ಹೆಬ್ಬಕಗಳೂ ಇದ್ದುವು. ಕೃಷ್ಣಮೃಗಗಳು ನೆಡುತೋಪಿನ ಅಂಚುಗಳನ್ನೂ ಸುತ್ತಲಿನ ಹೊಲಗಳನ್ನೂ ಬಳಸಿಕೊಂಡು ಸಾವಿರಾರು ಸಂಖ್ಯೆಗೆ ಹೆಚ್ಚಿದುವು. ಅವುಗಳ ಬಾಯಿಗೆ ಬಿದ್ದ ಬೆಳೆಯ ವಿಷಯವಾಗಿ ಸುತ್ತಲಿನ ರೈತರಿಗೆ ಹೇಳುವುದು ಬಹಳವಿದೆ. ಆದರೆ ನಾಲ್ಕೂ ಕಡೆ ದಿಗಂತ ಕಾಣದ ನೆಲದ ಮೇಲೆ ತನ್ನ ಒಂದು ಮೊಟ್ಟೆಯನ್ನಿಡಲು ಹೆಬ್ಬಕವು ಒಪ್ಪಲಿಲ್ಲ. ಮರಗಳು ಬೆಳೆದಂತೆ ಹಕ್ಕಿಗಳು ಕಡಮೆಯಾಗಿ, ಇಂದು ಅವು ರಾಣೆಬೆನ್ನೂರಿನಲ್ಲಿ ಕಾಣುವುದಿಲ್ಲ. ಇಡೀ ದೇಶದಲ್ಲಿ ಉಳಿದಿರುವ ಹೆಬ್ಬಕಗಳು ಇನ್ನೂರಕ್ಕೂ ಕಡಮೆ. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದ ಮರುಭೂಮಿಯಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಬಯಲಿನಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಕಂಡುಬಂದಿವೆ.